ಪ್ರಸಾದ ಸುಳ್ಳಾಗಲಿಲ್ಲ, ಮಗ ನಂಬಲಿಲ್ಲ

ದೇವರು ಇದ್ದಾನೋ ಇಲ್ಲವೋ ಎಂದು ಕೇಳಿ ಬರೆಯುವವರಿಗೆ ಮತ್ತೊಮ್ಮೆ: ಅದಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ. ಜನ ಯಾಕೆ ನಂಬುತ್ತಾರೆ, ಯಾಕೆ ನಂಬುವುದಿಲ್ಲ ಎಂಬುದಷ್ಟೇ ಈ ಅಂಕಣದ ವಿಷಯ. ‘ಭಯದಿಂದ ದೇವರು ಹುಟ್ಟಿದ’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರೂ, ‘ಅಹಂಕಾರದಿಂದ ನಾಸ್ತಿಕರು ಹುಟ್ಟಿದರು’ ಎನ್ನುವವರೂ ದಯವಿಟ್ಟು ಅಂಚೆ ಖರ್ಚು ಉಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ಕುಲದೇವರ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ: ಮೂರ್ತಿಗೆ ಅಂಟಿಸಿದ ಹೂವಿನ ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಹೂ ಬಲಕ್ಕೆ ಬಿದ್ದದ್ದು ನಮ್ಮ ಮನೆಯ ಮಟ್ಟಿಗೆ ಒಮ್ಮೆಯೂ ಸುಳ್ಳಾಗಿಲ್ಲ. ಮಗಳ ಮದುವೆ, ತೋಟದ ವ್ಯಾಜ್ಯ, ಅತ್ತೆಯವರ ಮಂಡಿನೋವು ಎಲ್ಲವೂ ಹೇಳಿದ ಹಾಗೇ ಆಯಿತು. ಇಷ್ಟಾದರೂ ಮಗ ನಂಬುವುದಿಲ್ಲ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿದ್ದಾನೆ, ಹಬ್ಬಕ್ಕೆ ಬಂದರೂ ಗುಡಿಯ ಹೊರಗೇ ನಿಲ್ಲುತ್ತಾನೆ. ‘ಸಂಧ್ಯಾವಂದನೆ ಮಾಡೋ’ ಎಂದು ಅವನಪ್ಪ ದಿನಾ ಬೈಯುತ್ತಿದ್ದರು. ಅವರಿಗೇ ಮಾಡಲು ಪುರುಸೊತ್ತಿಲ್ಲ, ಆ ಮಾತು ಬೇರೆ. ಅಜ್ಜಿಯ ಸೆರಗು ಹಿಡಿದು ಬೆಳೆದ ಮಗಳಿಗೆ ಭಕ್ತಿ ಇದೆ. ಇವನಿಗೇಕೆ ಇಲ್ಲ? ಓದು ಕೆಡಿಸಿತೇ?
— ಓದುಗರು, ಸಿದ್ದಾಪುರ ತಾಲ್ಲೂಕು

ಉತ್ತರ: ತಾಯಿ, ಎರಡು ಬೇರೆ ಪ್ರಶ್ನೆಗಳನ್ನು ಗಂಟು ಹಾಕಿದ್ದೀರಿ. ಪ್ರಸಾದ ನಿಜವಾದದ್ದಕ್ಕೆ ನಿಮಗೆ ನಂಬಿಕೆ ಬಂತು, ಹಾಗಾಗಿ ಮಗನಿಗೂ ಬರಬೇಕಿತ್ತು ಎಂಬುದು ನಿಮ್ಮ ಲೆಕ್ಕ. ಅದು ತಲೆಕೆಳಗಾಗಿದೆ. ನಿಮ್ಮಲ್ಲಿ ನಂಬಿಕೆ ಮೊದಲೇ ಇತ್ತು. ಪ್ರಸಾದ ‘ನಿಜವಾಗ’ತೊಡಗಿದ್ದು ಆಮೇಲೆ. ಗಂಟನ್ನು ಬಿಡಿಸೋಣ. ಪ್ರಸಾದದಿಂದ ಶುರು ಮಾಡುತ್ತೇನೆ, ಏಕೆಂದರೆ ಇದೇ ಪ್ರಶ್ನೆ ಹರಕೆ, ಹಲ್ಲಿ ಲೊಚಗುಟ್ಟುವುದು, ಕಾಯಿ ಒಡೆದ ರೀತಿ ಎಂದು ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ.

ಎಸಳನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎರಡೂ ಬದಿಗೆ ಅಂಟಿಸುತ್ತಾರೆ. ಎಸಳಿಗೂ ಕಲ್ಲಿಗೂ ನಡುವೆ ಇರುವ ತೆಳ್ಳನೆಯ ನೀರಿನ ಪದರವೇ ಅದನ್ನು ಹಿಡಿದಿಟ್ಟಿರುತ್ತದೆ. ನೀರು ಆರಿದರೂ ಎಸಳು ಬೀಳುತ್ತದೆ, ಹೆಚ್ಚಾಗಿ ಇಳಿದರೂ ಬೀಳುತ್ತದೆ. ದೀಪ ಯಾವ ಬದಿಗಿದೆ, ಯಾವ ಎಸಳನ್ನು ಮೊದಲು ಒತ್ತಿದರು, ಎಣ್ಣೆ ಅಭಿಷೇಕದ ಜಿಡ್ಡು ಯಾವ ಕಡೆ ಉಳಿದಿದೆ, ಇಷ್ಟರ ಮೇಲೆ ಯಾವುದು ಮೊದಲು ಬೀಳುತ್ತದೆ ಎಂಬುದು ನಿಂತಿದೆ. ಇದರಲ್ಲಿ ಅರ್ಚಕರ ಮೋಸವೇನೂ ಬೇಕಿಲ್ಲ. ಎಡವಟ್ಟಾಗುವುದು ಹೂವಿನಲ್ಲಲ್ಲ, ಎಣಿಕೆಯಲ್ಲಿ.

ಎಡಕ್ಕೆ ಬಿದ್ದಾಗ ಏನು ಮಾಡುತ್ತೀರಿ ನೋಡಿ. ‘ಪ್ರಶ್ನೆ ಸರಿಯಾಗಿ ಕೇಳಲಿಲ್ಲ, ಇನ್ನೊಂದು ಸಲ ಕೇಳೋಣ’ ಎನ್ನುತ್ತೀರಿ. ಬಲಕ್ಕೆ ಬಿದ್ದಾಗ ಇನ್ನೊಮ್ಮೆ ಕೇಳುವುದಿಲ್ಲ. ಎಡ, ಬಲ ಸಮಸಮ ಎಂದಿಟ್ಟುಕೊಂಡರೆ ಒಂದೇ ಸಲ ಕೇಳಿದಾಗ ಬಲ ಸಿಗುವ ಸಾಧ್ಯತೆ ಅರ್ಧ. ಎರಡರವರೆಗೆ ಕೇಳುವ ಅವಕಾಶವಿದ್ದರೆ ಮುಕ್ಕಾಲು. ಮೂರು ಸಲವಾದರೆ ಎಂಟರಲ್ಲಿ ಏಳು. ಇನ್ನು ‘ಹೇಳಿದ ಹಾಗೇ ಆಯಿತು’ ಎಂಬುದು. ಮಗಳ ಮದುವೆ ‘ಬೇಗ’ ಆಗುತ್ತದೆಯೇ ಎಂದು ಕೇಳಿರುತ್ತೀರಿ. ಬೇಗ ಎಂದರೆ ಎಷ್ಟು ತಿಂಗಳು? ಆರು ತಿಂಗಳಲ್ಲಿ ಆದರೂ ಬೇಗ, ಎರಡು ವರ್ಷಕ್ಕೆ ಆದರೂ ‘ಅಂತೂ ದೇವರು ನಡೆಸಿಕೊಟ್ಟ’. ಆಗದೇ ಹೋದರೆ ಮೈಲಿಗೆಯಾಗಿತ್ತು, ಹಳೆಯ ಹರಕೆಯೊಂದು ಬಾಕಿಯಿತ್ತು. ಫಲಿತಾಂಶ ಬಂದ ಮೇಲೆ ಗೆರೆ ಎಳೆಯುವ ಪಂದ್ಯದಲ್ಲಿ ಯಾರೂ ಸೋಲುವುದಿಲ್ಲ.

ಮಂಡಿನೋವಿನದು ಇನ್ನೂ ಸರಳ. ಸಂಧಿನೋವು, ಅರೆತಲೆನೋವು, ಸೋರಿಯಾಸಿಸ್, ಅಸ್ತಮಾ ಇವೆಲ್ಲ ಏರಿಳಿಯುವ ಕಾಯಿಲೆಗಳು. ನೋವು ತುಟ್ಟತುದಿಗೆ ಏರಿದಾಗ ಗುಡಿಗೆ ಹೋಗುತ್ತೀರಿ. ತುದಿಗೆ ಏರಿದ್ದಕ್ಕೆ ಇಳಿಯುವುದಲ್ಲದೆ ಬೇರೆ ದಾರಿಯಿಲ್ಲ. ಆ ವಾರ ಪ್ರಸಾದ ಕೇಳಿದರೂ, ಲೇಹ್ಯ ತಿಂದರೂ, ತಾಮ್ರದ ಬಳೆ ಹಾಕಿಕೊಂಡರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಗಲ್ಲಿಗಲ್ಲಿಯ ‘ಒಂದೇ ಡೋಸಿಗೆ ಗುಣ’ ಪಂಡಿತರ ಅನ್ನ ಬೇಯುತ್ತಿರುವುದು ಈ ಇಳಿತದ ಬೆಂಕಿಯಲ್ಲೇ.

‘ಆದರೂ ನಮ್ಮ ಮನೆಯಲ್ಲಿ ಒಮ್ಮೆಯೂ ತಪ್ಪಿಲ್ಲವಲ್ಲ’ ಎನ್ನುತ್ತೀರಿ. ಊರಿನ 100 ಮನೆಗಳವರು ಮೂರು ಮೂರು ಪ್ರಶ್ನೆ ಕೇಳಿದರೆ, ಬರೀ ಕಾಕತಾಳೀಯವಾಗಿಯೇ 12–13 ಮನೆಗಳಿಗೆ ಮೂರಕ್ಕೆ ಮೂರೂ ಸರಿಬರುತ್ತವೆ. ಜಾತ್ರೆಯಲ್ಲಿ ನಿಂತು ಮಹಿಮೆ ಹೇಳುವವರು ಆ ಮನೆಗಳವರೇ. ಉಳಿದವರು ಸುಮ್ಮನೆ ಕಾಯಿ ಒಡೆಸಿಕೊಂಡು ಮನೆಗೆ ಹೋಗುತ್ತಾರೆ. ಹಡಗು ಮುಳುಗುವಾಗ ದೇವರಿಗೆ ಮೊರೆಯಿಟ್ಟು ಬದುಕಿ ಬಂದವರು ಕೊಟ್ಟ ಚಿತ್ರಫಲಕಗಳನ್ನು ತೋರಿಸಿದಾಗ, ನಾಸ್ತಿಕನೆಂದು ಹೆಸರಾದ ಗ್ರೀಸಿನ ಡಯಾಗೊರಸ್ ‘ಮುಳುಗಿ ಸತ್ತವರ ಫಲಕ ಎಲ್ಲಿಯೂ ಕಾಣುವುದಿಲ್ಲವಲ್ಲ’ ಎಂದನಂತೆ. ರೋಮಿನ ಸಿಸೆರೊ ಇದನ್ನು ಬರೆದಿಟ್ಟು ಎರಡು ಸಾವಿರ ವರ್ಷ ಕಳೆದರೂ ಪತ್ರಗಳು ಬರುತ್ತಲೇ ಇವೆ.

ಮಾತು ಬೇಡ, ಲೆಕ್ಕ ಬೇಕು ಎನ್ನುವವರು ಹೀಗೆ ಮಾಡಿ. 200 ಪುಟದ ಒಂದು ನೋಟ್‌ಬುಕ್ ತನ್ನಿ. ಗುಡಿಗೆ ಹೋಗುವ ಮೊದಲೇ ತಾರೀಕು ಹಾಕಿ, ಹೌದು ಅಥವಾ ಇಲ್ಲ ಎಂದು ಮಾತ್ರ ಉತ್ತರಿಸಬಹುದಾದ ಒಂದು ವಾಕ್ಯದಲ್ಲಿ ಪ್ರಶ್ನೆ ಬರೆಯಿರಿ. ‘ವ್ಯಾಜ್ಯ ನಮ್ಮಂತೆ ಆಗುತ್ತದೆಯೇ’ ಎಂದಲ್ಲ. ‘ಬರುವ ಯುಗಾದಿಯೊಳಗೆ ಕೋರ್ಟಿನ ತೀರ್ಪು ನಮ್ಮ ಪರ ಬರುತ್ತದೆಯೇ’ ಎಂದು. ಗಡುವು ಕಡ್ಡಾಯ. ಒಂದೇ ಸಲ ಕೇಳಬೇಕು. ಎರಡೂ ಎಸಳು ಒಟ್ಟಿಗೆ ಬಿದ್ದರೆ, ಇಲ್ಲವೇ ಬೀಳದೇ ಉಳಿದರೆ, ಅದನ್ನೂ ಹಾಗೆಯೇ ಬರೆಯಿರಿ, ಬಿಡಬೇಡಿ. ಗಡುವು ಮುಗಿದ ದಿನ ಫಲ ಆಯಿತೋ ಇಲ್ಲವೋ ಎಂದು ತೀರ್ಮಾನಿಸುವವರು ನೀವಾಗಬಾರದು. ಹೂ ಯಾವ ಕಡೆ ಬಿದ್ದಿತ್ತೆಂದು ಗೊತ್ತಿಲ್ಲದ ಒಬ್ಬರಿಗೆ ಪ್ರಶ್ನೆಯನ್ನಷ್ಟೇ ಓದಿ ಹೇಳಿ, ಅವರಿಂದ ಬರೆಸಿ.

30 ಪ್ರಶ್ನೆಗಳಾದ ಮೇಲೆ ನಾಲ್ಕು ಮನೆಯ ಕೋಷ್ಟಕ ಹಾಕಿ: ಬಲ–ಆಯಿತು, ಬಲ–ಆಗಲಿಲ್ಲ, ಎಡ–ಆಯಿತು, ಎಡ–ಆಗಲಿಲ್ಲ. ನಮ್ಮ ನೆನಪಿನಲ್ಲಿ ಉಳಿಯುವುದು ಮೊದಲನೆಯ ಮನೆ ಮಾತ್ರ. ನಾಲ್ಕನೆಯದು ಒಂದಿಷ್ಟು ಉಳಿಯುತ್ತದೆ. ನಡುವಿನ ಎರಡು ಮನೆಗಳನ್ನು ತುಂಬಲಿಕ್ಕೇ ಈ ನೋಟ್‌ಬುಕ್. ಮೊದಲನೆಯ ಮತ್ತು ನಾಲ್ಕನೆಯ ಮನೆ ಕೂಡಿ 30ರಲ್ಲಿ 10ರಿಂದ 20ರವರೆಗೆ ಸರಿಹೊಂದಿದರೆ, ಅಷ್ಟು ನಾಣ್ಯ ಚಿಮ್ಮಿದರೂ ಬರುತ್ತದೆ. ಒಂದು ಎಚ್ಚರಿಕೆ: ಹೇಗೂ ಆಗುವಂಥದ್ದನ್ನೇ ಕೇಳಿ ಅಂಕ ಗಿಟ್ಟಿಸಬೇಡಿ. ತರಗತಿಯಲ್ಲಿ ಹತ್ತಕ್ಕೆ ಒಂಬತ್ತು ಮಕ್ಕಳು ಪಾಸಾಗುವ ಕಡೆ ‘ಮೊಮ್ಮಗ ಪಾಸಾಗುತ್ತಾನೆಯೇ’ ಎಂದು ಕೇಳಿದರೆ ಹೂವಿಗೆ ಕೆಲಸವೇ ಇಲ್ಲ.

ಇನ್ನೊಂದು ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ಆಪರೇಶನ್ ಮಾಡಿಸಬೇಕೋ ಬೇಡವೋ, ಇನ್ಸುಲಿನ್ ನಿಲ್ಲಿಸಬಹುದೋ, ಮೂರ್ಛೆರೋಗದ ಮಾತ್ರೆ ಬಿಡಬಹುದೋ ಎಂದು ಪ್ರಸಾದ ಕೇಳಬೇಡಿ. ಕೇಳಿಯೇ ತೀರುತ್ತೇವೆ ಎನ್ನುವವರು ‘ಯಾವ ವಾರ ಮಾಡಿಸೋಣ’ ಎಂದು ಕೇಳಿ, ಅದೂ ಡಾಕ್ಟರು ಕೊಟ್ಟ ಎರಡು ತಾರೀಕುಗಳ ನಡುವೆ.

ಈ ನೋಟ್‌ಬುಕ್ ದೇವರನ್ನು ಪರೀಕ್ಷಿಸುವುದಿಲ್ಲ, ಹೂವಿನಿಂದ ನೀವು ತೆಗೆದ ತೀರ್ಮಾನವನ್ನು ಮಾತ್ರ ಪರೀಕ್ಷಿಸುತ್ತದೆ. 30 ಪುಟ ತುಂಬಿದ ಮೇಲೂ ನೀವು ಗುಡಿಗೆ ಹೋಗುವುದನ್ನು ನಿಲ್ಲಿಸುವುದಿಲ್ಲ ಎಂದು ಈಗಲೇ ಹೇಳಬಲ್ಲೆ. ‘ತಪ್ಪು ತೋರಿಸಿದರೆ ಭಕ್ತಿ ಉದುರುತ್ತದೆ’ ಎಂದು ನಂಬಿದ ನಮ್ಮ ವಿಚಾರವಾದಿ ಮಿತ್ರರು ಸೋಲುವುದು ಇಲ್ಲೇ. ಭಕ್ತಿ ನಿಂತಿರುವುದು ಬೇರೆ ಕಂಬಗಳ ಮೇಲೆ.

ಅದರಲ್ಲೊಂದು ಅನಿಶ್ಚಿತತೆ. ಪೆಸಿಫಿಕ್ ಕಡಲಿನ ಟ್ರೋಬ್ರಿಯಾಂಡ್ ದ್ವೀಪದ ಮೀನುಗಾರರನ್ನು 1910ರ ದಶಕದಲ್ಲಿ ನೋಡಿದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ, ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯಲು ಅವರು ಮಂತ್ರತಂತ್ರ ಮಾಡುವುದಿಲ್ಲ, ಅಪಾಯದ ತೆರೆದ ಕಡಲಿಗೆ ಇಳಿಯುವಾಗ ಮಾತ್ರ ಮಾಡುತ್ತಾರೆ ಎಂದು ಗುರುತಿಸಿದರು. ಅಷ್ಟು ದೂರವೇಕೆ, ನಿಮ್ಮ ತೋಟಕ್ಕೇ ಬನ್ನಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಕರಗಲಿ ಎಂದು ಯಾರೂ ಹರಕೆ ಹೊರುವುದಿಲ್ಲ, ಅದು ಕರಗುತ್ತದೆ. ಔಷಧಿ ಹೊಡೆದ ಮೇಲೆ ಮಳೆ ಹೊಳವಾಗಲಿ, ಕೊಳೆ ಬಾರದಿರಲಿ ಎಂದು ಹರಕೆ ಹೊರುತ್ತಾರೆ. ಔಷಧಿಯನ್ನೂ ಹೊಡೆಯುತ್ತಾರೆ, ಹರಕೆಯನ್ನೂ ಹೊರುತ್ತಾರೆ. ಒಂದರ ಬದಲಿಗೆ ಇನ್ನೊಂದಲ್ಲ. ನಿಮ್ಮ ಮಗನಿಗೆ ತಿಂಗಳ ಸಂಬಳ ಬರುತ್ತದೆ, ವಿಮೆ ಇದೆ, ಆಷಾಢದ ಮಳೆಯಿಂದ ಅವನಿಗೆ ಆಗುವುದು ಟ್ರಾಫಿಕ್ ಜಾಮ್ ಮಾತ್ರ. ದೇವರನ್ನು ಅವನು ತಿರಸ್ಕರಿಸಿದ್ದಾನೆ ಎಂದುಕೊಂಡಿದ್ದೀರಿ. ನೆನಪಾಗುವ ಸಂದರ್ಭವೇ ಅವನಿಗೆ ಕಡಿಮೆಯಾಗಿರಬಹುದು. ನಾಸ್ತಿಕರೆಂದು ಲೆಕ್ಕಕ್ಕೆ ಬರುವವರಲ್ಲಿ ಇಂಥ ಉದಾಸೀನರೂ ಸೇರಿರುತ್ತಾರೆ. ಅವರೊಡನೆ ವಾದಕ್ಕೆ ಕೂತರೆ ನಿಮಗೂ ನಷ್ಟ, ಅವರಿಗೂ ಬೇಸರ.

ಎರಡನೆಯ ಕಂಬ ಇದಕ್ಕಿಂತ ದಪ್ಪ. ಅದನ್ನು ನೀವೇ ಪತ್ರದಲ್ಲಿ ‘ಆ ಮಾತು ಬೇರೆ’ ಎಂದು ಬರೆದು ದಾಟಿಬಿಟ್ಟಿದ್ದೀರಿ. ಮಕ್ಕಳು ಕಲಿಯುವುದು ದೊಡ್ಡವರು ಹೇಳಿದ್ದನ್ನು ಕೇಳಿಯಲ್ಲ, ಹೇಳಿದ್ದಕ್ಕೆ ಅವರೇ ತೆರುವ ಬೆಲೆಯನ್ನು ನೋಡಿ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು: ಬಾಯಿಮಾತು ಪುಕ್ಕಟೆ, ಹಾಗಾಗಿ ಎಳೆಯರ ಮನಸ್ಸು ಅದನ್ನು ಸಂಶಯದಿಂದ ನೋಡುತ್ತದೆ, ನಂಬದಿದ್ದರೆ ಯಾರೂ ಮಾಡಲಾರದಂಥ, ಮೈಗೆ, ಹೊಟ್ಟೆಗೆ, ಕಿಸೆಗೆ ತಟ್ಟುವ ನಡತೆ ಕಂಡರೆ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಏಕಾದಶಿಯ ದಿನ ತೊಟ್ಟು ನೀರು ಕುಡಿಯದ ಅಜ್ಜಿ, ಧರ್ಮಸ್ಥಳಕ್ಕೆ ನಡೆದೇ ಹೋಗುವವರು, ತಿರುಪತಿಯಲ್ಲಿ ಮುಡಿ ಕೊಟ್ಟು ಬರುವ ಹೆಂಗಸು ಹಾಕುವ ಮುದ್ರೆ ಪ್ರವಚನದಿಂದ ಬೀಳುವುದಿಲ್ಲ. 2021ರಲ್ಲಿ ಅಮೆರಿಕದ ಜನರ ಮೇಲೆ ಪ್ರಕಟವಾದ ಅಧ್ಯಯನವೊಂದರಲ್ಲೂ, ಯಾರು ನಂಬದವರಾಗುತ್ತಾರೆ ಎಂಬುದಕ್ಕೆ ಅತಿ ಬಲವಾದ ಸೂಚನೆ ಸಿಕ್ಕಿದ್ದು ಇಲ್ಲಿಯೇ: ಬಾಲ್ಯದಲ್ಲಿ ಇಂಥ ನಡತೆಯನ್ನು ಕಡಿಮೆ ಕಂಡವರು. ಅದು ಅಮೆರಿಕದ ಮಾತು, ಸಿದ್ದಾಪುರಕ್ಕೆ ಹಾಗೇ ತಂದು ಅಂಟಿಸಲಾರೆ. ಆದರೆ ನಿಮ್ಮ ಪತ್ರ ಅದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಮಗಳು ಅಜ್ಜಿಯ ಸೆರಗು ಹಿಡಿದಿದ್ದಳು. ಮಗ ನೋಡಿದ್ದು, ತಾನು ಮಾಡದ್ದನ್ನು ಮಾಡೆಂದು ಬೈಯುವ ಅಪ್ಪನನ್ನು. ಅವನು ಪಾಠ ಸರಿಯಾಗಿಯೇ ಕಲಿತಿದ್ದಾನೆ.

ಓದು ಕೆಡಿಸಿತೇ? ಸ್ವಲ್ಪ ಪಾಲಿರಬಹುದು, ನೀವು ಅಂದುಕೊಂಡಷ್ಟಿಲ್ಲ. ಚಿಂತನಶೀಲತೆಯನ್ನು ಕೆಣಕಿದರೆ ದೇವರ ನಂಬಿಕೆ ಇಳಿಯುತ್ತದೆ ಎಂದು 2012ರಲ್ಲಿ ಪ್ರಯೋಗಗಳು ದೊಡ್ಡ ಸುದ್ದಿಯಾದವು. ಅದರಲ್ಲೊಂದು, ಫ್ರೆಂಚ್ ಶಿಲ್ಪಿ ರೋದ್ಯಾನ ‘ಚಿಂತಕ’ ಶಿಲ್ಪದ ಚಿತ್ರ ತೋರಿಸುವುದು. 2017ರಲ್ಲಿ ಹೆಚ್ಚು ಜನರ ಮೇಲೆ ಅದನ್ನೇ ಮತ್ತೆ ಮಾಡಿದಾಗ ಏನೂ ಆಗಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮೊದಲನೆಯದು ಇನ್ನೂ ಸುತ್ತುತ್ತಿದೆ, ಎರಡನೆಯದು ಹೊರಡಲೇ ಇಲ್ಲ. ರಾಕೆಟ್ ಹಾರಿಸುವ ಮೊದಲು ತಿರುಮಲಕ್ಕೆ ಹೋಗಿ ಬರುವ ವಿಜ್ಞಾನಿಗಳ ಫೋಟೊ ನೋಡಿಯೂ ಈ ಪ್ರಶ್ನೆ ಕೇಳುತ್ತಾರಲ್ಲ ಎಂಬುದೇ ಆಶ್ಚರ್ಯ.

ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ: ಗುಡಿಯ ಹೊರಗೆ ನಿಂತವನನ್ನು ಒಳಗೆ ಎಳೆಯಬೇಡಿ, ಊಟದ ಪಂಕ್ತಿಯಿಂದ ಹೊರಗೂ ಇಡಬೇಡಿ. ‘ಪ್ರಸಾದ ನಿಜವಾಯಿತು ನೋಡು’ ಎಂಬ ವಾದವನ್ನು ಅವನ ಮುಂದೆ ಎತ್ತಬೇಡಿ. ಅವನಿಗೆ ಮೇಲಿನ ಲೆಕ್ಕ ಬರುತ್ತದೆ.

ಪ್ರಶ್ನೆ: ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಎಂದು ಅಮೆರಿಕದಲ್ಲಿ ಸಾಬೀತಾಗಿದೆಯಂತೆ, ಹೌದೇ?

ಉತ್ತರ: ಇಲ್ಲ. 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೃದಯದ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳಿದ್ದರು. ಯಾರಿಗಾಗಿ ಬೇರೆಯವರು ಪ್ರಾರ್ಥಿಸಿದರೋ ಆ ರೋಗಿಗಳಲ್ಲಿ ಶೇ 52, ಯಾರಿಗಾಗಿ ಪ್ರಾರ್ಥಿಸಲಿಲ್ಲವೋ ಅವರಲ್ಲಿ ಶೇ 51 ಮಂದಿಗೆ ತೊಡಕುಗಳಾದವು. ಈ ಎರಡೂ ಗುಂಪಿಗೆ ತಾವು ಯಾವುದರಲ್ಲಿದ್ದೇವೆ ಎಂದು ಗೊತ್ತಿರಲಿಲ್ಲ. ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ’ ಎಂದು ಮೊದಲೇ ತಿಳಿಸಿದವರಲ್ಲಿ ಶೇ 59. ರೋಗಿಯ ಕಿವಿಯಲ್ಲಿ ಹೋಮದ ಖರ್ಚಿನ ಪಟ್ಟಿ ಓದುವ ಬಂಧುಗಳು ಈ ಕೊನೆಯ ಅಂಕಿಯನ್ನು ಗಮನಿಸಲಿ.

ಪ್ರಶ್ನೆ: ನಾಸ್ತಿಕತೆ ಪಾಶ್ಚಾತ್ಯರಿಂದ ಬಂದ ರೋಗವಲ್ಲವೇ?

ಉತ್ತರ: ಜಗತ್ತನ್ನು ದೇವರು ಸೃಷ್ಟಿಸಿದ ಎಂಬುದನ್ನು ‘ಸೃಷ್ಟಿಗೆ ಮೊದಲು ಅವನೆಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ’ ಎಂಬ ಧಾಟಿಯಲ್ಲಿ ಖಂಡಿಸಿದ ಜೈನ ಮುನಿ ಜಿನಸೇನಾಚಾರ್ಯರು 9ನೇ ಶತಮಾನದವರು, ರಾಷ್ಟ್ರಕೂಟ ಅಮೋಘವರ್ಷನ ಗುರುಗಳು. ವೇದವನ್ನು ಎತ್ತಿಹಿಡಿದ ಮೀಮಾಂಸಕ ಕುಮಾರಿಲ ಭಟ್ಟರೂ ಸೃಷ್ಟಿಕರ್ತನನ್ನು ಒಪ್ಪಿದವರಲ್ಲ. ನಮ್ಮದನ್ನು ಓದಿಕೊಂಡು ಬರೆಯಿರಿ.

ಪ್ರಶ್ನೆ: ಭಾರತದಲ್ಲಿ ನಾಸ್ತಿಕರು ಹೆಚ್ಚಿ ದೇವಸ್ಥಾನಗಳು ಖಾಲಿಯಾಗುವ ಕಾಲ ಬಂತೇ?

ಉತ್ತರ: ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ 2019–20ರಲ್ಲಿ ಸುಮಾರು 30,000 ಭಾರತೀಯರನ್ನು ಕೇಳಿದಾಗ ಶೇ 97 ಮಂದಿ ದೇವರನ್ನು ನಂಬುತ್ತೇವೆ ಎಂದರು. ನಂಬುವುದಿಲ್ಲ ಎಂದವರ ಪಾಲು ಎದ್ದು ಕಂಡದ್ದು ಬೌದ್ಧರಲ್ಲಿ, ಮೂರರಲ್ಲೊಂದು. ಕ್ಯೂ ಹಾಗೇ ಇದೆ, ನಿಲ್ಲಿ.

ಪ್ರಶ್ನೆ: ನೀವು ದೇವರನ್ನು ನಂಬುತ್ತೀರಾ?

ಉತ್ತರ: ಅದರಿಂದ ಮೇಲಿನ ಒಂದು ಅಂಕಿಯೂ ಬದಲಾಗುವುದಿಲ್ಲ.

ಪ್ರಶ್ನೆ: ಮಕ್ಕಳ ‘ಮಿಡ್‌ಬ್ರೈನ್’ ಎಚ್ಚರಿಸಿ, ಕಣ್ಣು ಕಟ್ಟಿಯೂ ಓದುವ ದೈವೀಶಕ್ತಿ ಬರಿಸುವ ಶಿಬಿರಕ್ಕೆ ಮೊಮ್ಮಗಳನ್ನು ಸೇರಿಸಬಹುದೇ? ಅಲ್ಲಿ ಮಕ್ಕಳು ಓದಿದ್ದನ್ನು ಕಣ್ಣಾರೆ ಕಂಡೆ.

ಉತ್ತರ: ಮಕ್ಕಳೂ ಕಣ್ಣಾರೆಯೇ ಕಂಡಿದ್ದಾರೆ, ಮೂಗಿನ ಪಕ್ಕದ ಸಂದಿಯಿಂದ. ಪಟ್ಟಿ ಎಷ್ಟೇ ಬಿಗಿದರೂ ಮೂಗಿನ ಏಣಿನ ಎರಡೂ ಕಡೆ ಕೆಳಮುಖವಾಗಿ ಒಂದು ಸೀಳು ಉಳಿಯುತ್ತದೆ. ಅದಕ್ಕೇ ಅವರು ಪುಸ್ತಕವನ್ನು ಎದೆಯ ಮಟ್ಟದಲ್ಲಿ ಹಿಡಿದು ತಲೆಯನ್ನು ಒಂಚೂರು ಹಿಂದಕ್ಕೆ ವಾಲಿಸುವುದು. ಪರೀಕ್ಷೆಗೆ ಐದು ನಿಮಿಷ ಸಾಕು. ಈಜುವ ಕನ್ನಡಕದ ಗಾಜಿಗೆ ಒಳಗಿನಿಂದ ಕಪ್ಪು ಟೇಪ್ ಎರಡು ಪದರ ಅಂಟಿಸಿ ಹಾಕಿಸಿ, ಅಂಚಿನಿಂದ ಬೆಳಕು ನುಸುಳದಂತೆ ನೋಡಿಕೊಳ್ಳಿ. ಕಾಗದವನ್ನು ಮಗುವಿನ ಕೈಗೆ ಕೊಡಬೇಡಿ, ನೀವೇ ಅವಳ ಹಣೆಗಿಂತ ಮೇಲೆ ಹಿಡಿಯಿರಿ. ಕಾಗದದ ಮೇಲೆ ಏನಿದೆ ಎಂದು ಶಿಬಿರದವರಿಗಾಗಲಿ, ಜೊತೆಗಿರುವವರಿಗಾಗಲಿ ಗೊತ್ತಿರಬಾರದು. ‘ಇವತ್ತು ಕಂಪನ ಸರಿಯಿಲ್ಲ’ ಎಂಬ ಉತ್ತರ ಬರುತ್ತದೆ. ಸುಳ್ಳು ಹೇಳುವಂತೆ ಮಗುವನ್ನು ತಾವೇ ತಯಾರು ಮಾಡಿದ್ದೇವೆ ಎಂದು ಅವರು ಒಪ್ಪುವುದಿಲ್ಲ. ಮಗುವನ್ನು ಗದರಿಸಬೇಡಿ, ದೊಡ್ಡವರು ಚಪ್ಪಾಳೆ ತಟ್ಟಿದ್ದಕ್ಕೆ ಅದು ಮಾಡಿದೆ. ಈ ಪರೀಕ್ಷೆಯನ್ನು ಶುಲ್ಕ ಕಟ್ಟುವ ಮೊದಲೇ ಮಾಡಿ.