ಅಡುಗೆ ಮಾಡುವವರೇ ಮಲಗಿದರೆ

ಸುರತ್ಕಲ್‌ನ ಓದುಗರೊಬ್ಬರ ಪತ್ರ: "ಜುಲೈಯಲ್ಲಿ ನನಗೆ ಡೆಂಗಿ ಬಂತು. ಹತ್ತು ದಿನ ಏಳಲಾಗಲಿಲ್ಲ. ಮನೆಯಲ್ಲಿ ಅಕ್ಕಿ ಇತ್ತು, ಬೇಯಿಸುವವರು ಇರಲಿಲ್ಲ. ಹೋಟೆಲ್ ಊಟ, ಬೊಂಡ (ಎಳನೀರು), ಹಣ್ಣು, ರಿಕ್ಷಾ ಅಂತ ತಿಂಗಳ ಸಾಮಾನಿನ ದುಡ್ಡು ಹದಿನೈದಕ್ಕೇ ಮುಗಿಯಿತು. ಅಂಗಡಿಯಲ್ಲಿ ಬಾಕಿ ಇದೆ. ಈಗ ಹಾಲು, ಮೊಟ್ಟೆ ನಿಲ್ಲಿಸಿದ್ದೇನೆ. ನಾನು ಎಲ್ಲಿ ತಪ್ಪಿದೆ?"

ಅಕ್ಕಾ, ನೀವು ಎಲ್ಲೂ ತಪ್ಪಿಲ್ಲ. ಆ ಕೊನೆಯ ಪ್ರಶ್ನೆ ಓದಿ ನನಗೆ ತುಂಬ ಬೇಜಾರಾಯಿತು. ಯಜಮಾನರು ಮನೆಯಲ್ಲೇ ಇದ್ದರು, ಪಿಯುಸಿ ಓದುವ ಮಗನೂ ಇದ್ದ ಅಂತ ನೀವೇ ಬರೆದಿದ್ದೀರಿ. ಡಬ್ಬಿ ತುಂಬ ಕುಚ್ಚಲಕ್ಕಿ ಇದ್ದೂ ಮೂರು ಹೊತ್ತು ಪಾರ್ಸೆಲ್ ಬಂತು. ದುಡ್ಡು ಸೋರಿದ್ದು ಅಲ್ಲಿಯೇ, ಅಲ್ವಾ?

ಆದ್ದರಿಂದ ಮೊದಲ ಕೆಲಸ, ಅವರಿಬ್ಬರಿಗೂ ಗಂಜಿ ಮಾಡಲು ಕಲಿಸಿ. ಕುಚ್ಚಲಕ್ಕಿಗೆ ಬೆಳ್ತಿಗೆ ಅಕ್ಕಿಗಿಂತ, ಅಂದರೆ ಬಿಳಿ ಅಕ್ಕಿಗಿಂತ, ನೀರೂ ಜಾಸ್ತಿ, ಹೊತ್ತೂ ಜಾಸ್ತಿ. ಅಗುಳು ಬಾಯಿ ಬಿಡಬೇಕು. ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಸಿಗಬಾರದು. ಒಂದು ಹಿಡಿ ಹೆಸರುಕಾಳು ಸೇರಿಸಿದರೆ ಇನ್ನೂ ಒಳ್ಳೆಯದು. ಒಂದು ಭಾನುವಾರ ಸಾಕು. ಜ್ವರದಲ್ಲಿ ಮಲಗಿಕೊಂಡು ಕೂಗಿ ಹೇಳಿಕೊಡಲು ಆಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಆಟಿಗೆ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತುಳು ತಿಂಗಳಿಗೆ, ಮುಂಚೆಯೇ ಮನೆ ತುಂಬಿಸಿಕೊಳ್ಳುವ ರೂಢಿ ಇತ್ತು. ಸಾಂತಣಿ (ಉಪ್ಪಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜ), ಉಪ್ಪು ಸೊಳೆ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ), ಹಪ್ಪಳ. ನನ್ನ ಅಜ್ಜಿ ಮಿಡಿ ಉಪ್ಪಿನಕಾಯಿಯ ಒಂದು ಸಣ್ಣ ಭರಣಿಗೆ ಬಿಳಿ ಬಟ್ಟೆ ಕಟ್ಟಿ ಅಟ್ಟದ ಮೂಲೆಯಲ್ಲಿ ಬೇರೆಯೇ ಇಡುತ್ತಿದ್ದರು. ಅದು ಮೈ ಸರಿಯಿಲ್ಲದವರ ಗಂಜಿಗೆ. ನಾವು ಎಷ್ಟು ಕಾಡಿದರೂ ಬಿಚ್ಚುತ್ತಿರಲಿಲ್ಲ. ಈಗಲೂ ಮಳೆಗಾಲ ಅದೇ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೀನು ತುಟ್ಟಿಯಾಗುತ್ತದೆ. ಡೆಂಗಿ, ಮಲೇರಿಯಾ, ಇಲಿಜ್ವರ ಬರುವುದೂ ಆಗಲೇ.

ಮೇ ಕೊನೆಗೆ ನೀವೂ ಒಂದು ಡಬ್ಬಿ ಬೇರೆ ಇಡಿ. ಎರಡು ಕಿಲೋ ಅಕ್ಕಿ, ಹೆಸರುಕಾಳು, ಅವಲಕ್ಕಿ, ರಾಗಿ ಹುಡಿ, ಬೆಲ್ಲ. ಜೊತೆಗೆ ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್. ಮಾತ್ರೆ ಜನೌಷಧಿ ಅಂಗಡಿಯಲ್ಲಿ ಅಗ್ಗ. ಓಆರ್‌ಎಸ್‌ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ದುಡ್ಡು ಕೊಡಬೇಕಾಗಿಲ್ಲ.

ಪ್ಲೇಟ್‌ಲೆಟ್ ಏರಲು ಕಿವಿ ಹಣ್ಣು, ಡ್ರ್ಯಾಗನ್ ಹಣ್ಣು ಅಂತ ನೆಂಟರೆಲ್ಲ ಹೇಳಿದ್ದಕ್ಕೆ ಎಷ್ಟು ಸುರಿದಿರಿ ಅಂತ ನೀವು ಬರೆದಿದ್ದೀರಿ. ಅದು ಬೇಕಾಗಿರಲಿಲ್ಲ. ಜ್ವರ ಇಳಿದ ಕೆಲವು ದಿನಗಳಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ಮೈಯಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಳ್ಳಬೇಕು, ಅದಕ್ಕೆ ಗಂಜಿ ತಿಳಿಯೂ ಆಗುತ್ತದೆ. ಆದರೆ ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆ ನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ರಕ್ತ ಕಂಡರೆ ಖರ್ಚಿನ ಲೆಕ್ಕ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಹಾಲು, ಮೊಟ್ಟೆ. ದಯವಿಟ್ಟು ನಾಳೆಯೇ ಮತ್ತೆ ಶುರು ಮಾಡಿ. ಡೆಂಗಿಯ ಸುಸ್ತು ವಾರಗಟ್ಟಲೆ ಉಳಿಯುತ್ತದೆ, ನಿಮ್ಮ ಮೈಗೆ ಈಗಲೇ ಅದು ಬೇಕು. ಅಂಗಡಿಯವರ ಹತ್ತಿರ ಮಾತಾಡಿ, ಬಾಕಿಯನ್ನು ಮೂರು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ತೀರಿಸಿ. ಮೊದಲ ಮೊಟ್ಟೆ ನಿಮ್ಮ ತಟ್ಟೆಗೇ ಬೀಳಲಿ.