ಸ್ಮಾರ್ಟ್ ಮೀಟರ್ ಹಾಕಿದ ತಕ್ಷಣ ಹೊಗೆ ಕಮ್ಮಿಯಾಗುತ್ತಾ?

ಪ್ರಶ್ನೆ: ಫೈಬರ್, ಸೆನ್ಸರ್, ಸ್ಮಾರ್ಟ್ ಮೀಟರ್ ಬಂದ್ರೆ ಸಿಟಿಯ ಕಾರ್ಬನ್ ಇಳಿಯುತ್ತೆ ಅಂತಾರೆ. ಹಾಗಿದ್ರೆ ಲೋ ಕಾರ್ಬನ್ ಪಾಲಿಸಿ, ಅಂದ್ರೆ ಹೊಗೆ ಇಳಿಸೋ ಶುಲ್ಕ, ನಿಯಮ ಅಂತ ಬೇರೆ ಯಾಕೆ ಬೇಕು ಸಾರ್?

ಉತ್ತರ: ಬರೀ ಅದನ್ನ ಹಾಕಿದ್ರೆ ಇಳಿಯುತ್ತೆ ಅಂತ ಹೇಳಕ್ಕಾಗಲ್ಲ ರೀ, ಕೆಲವು ಸಲ ಏರೋದೂ ಉಂಟು. ಸಿಗ್ನಲ್ ಸ್ಮಾರ್ಟ್ ಮಾಡಿ ರಸ್ತೆ ಸಲೀಸಾಯ್ತು ಅಂದ್ಕೊಳ್ಳಿ, ನಿನ್ನೆವರೆಗೂ ಬಸ್ಸಲ್ಲಿ ಹೋಗ್ತಿದ್ದೋರು ಇವತ್ತು ಕಾರ್ ತೆಗೀತಾರೆ. ಉಳಿಸಿದ್ದು ಮತ್ತೆ ಖರ್ಚಾಗೋ ಈ ಚಾಳಿನ ಜೆವನ್ಸ್ ಅನ್ನೋ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ವಿಷಯದಲ್ಲಿ 1865ರಲ್ಲೇ ಬರೆದಿಟ್ಟಿದ್ದ.

ಸ್ವೀಡನ್ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಏನಾಯ್ತು ನೋಡಿ. 2005ರ ಆಗಸ್ಟಲ್ಲಿ ಎಕ್ಸ್‌ಟ್ರಾ ಬಸ್ ಬಿಟ್ರು, ಕಾರ್ ಓಡಾಟ ಹೇಳ್ಕೊಳ್ಳೋ ಹಾಗೆ ಇಳೀಲಿಲ್ಲ. 2006ರ ಜನವರಿಯಿಂದ ಸಿಟಿ ಒಳಗೆ ಬಂದು ಹೋಗೋ ಗಾಡಿಗಳಿಗೆ ಟ್ರಯಲ್ ಅಂತ ಶುಲ್ಕ ಹಾಕಿದ್ರು, ಗೇಟಿಲ್ಲ ಕ್ಯೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ನೋಡ್ಕೊಂಡು ಲೆಕ್ಕ ಹಾಕುತ್ತೆ, ಪೀಕ್ ಅವರಲ್ಲಿ ರೇಟ್ ಜಾಸ್ತಿ, ರಾತ್ರಿ ಫ್ರೀ. ಒಳಗೆ ಬಂದು ಹೋಗೋ ಟ್ರಾಫಿಕ್ ಸುಮಾರು ಶೇ 20ರಷ್ಟು ಬಿತ್ತು. ಜುಲೈ ಕೊನೆಗೆ ಟ್ರಯಲ್ ಮುಗೀತು, ರಸ್ತೆ ಅದೇ ಜನ ಅವರೇ, ದುಡ್ಡು ಕೇಳೋದು ನಿಂತಿತ್ತು ಅಷ್ಟೆ, ಗಾಡಿಗಳು ಬಹುಪಾಲು ವಾಪಸ್ ಬಂದ್ವು! 2007ರ ಆಗಸ್ಟಲ್ಲಿ ಖಾಯಂ ಮಾಡಿದ್ಮೇಲೆ ಮತ್ತೆ ಇಳೀತು. ಅಂದ್ರೆ ಗಾಡಿ ಇಳಿಸಿದ್ದು ಶುಲ್ಕ, ಆದ್ರೆ ಕ್ಯಾಮೆರಾ ಇಲ್ದಿದ್ರೆ ಈ ಥರ ಗಂಟೆಗೊಂದು ರೇಟ್ ವಸೂಲಿ ಮಾಡೋಕೆ ಎಷ್ಟು ಜನ ಬೇಕಿತ್ತು ಯೋಚ್ನೆ ಮಾಡಿ.

ಮೀಟರ್ ವಿಷಯಾನೂ ಹಂಗೇನೆ. ಅರ್ಧ ಗಂಟೆಗೊಂದು ಸಲ ಬಳಕೆ ಬರ್ಕೊಳ್ಳೋ ಮೀಟರ್ ಇದ್ದೂ ದರ ದಿನವಿಡೀ ಒಂದೇ ಆದ್ರೆ, ಮೀಟರ್ ರೀಡರ್ ಮನೆಮನೆ ತಿರುಗೋದು ತಪ್ಪಿತು ಅಷ್ಟೆ. ಬಿಸಿಲಿದ್ದಾಗ ಸೋಲಾರ್ ಕರೆಂಟ್ ಧಾರಾಳ, ಆಗ ಚೀಪು, ಸಂಜೆ ದುಬಾರಿ ಅಂತ ಮಾಡಿದ್ರೆ ಜನ ಎಲೆಕ್ಟ್ರಿಕ್ ಗಾಡಿ ಚಾರ್ಜಿಗೆ ಹಾಕೋ ಟೈಮ್ ತಾವಾಗೇ ಬದ್ಲಾಯಿಸ್ತಾರೆ.

ಟೋಕಿಯೋದವರು 2010ರಲ್ಲಿ ದೊಡ್ಡ ಬಿಲ್ಡಿಂಗುಗಳಿಗೆ ಎಮಿಷನ್ ಮಿತಿ, ಅಂದ್ರೆ ಇಷ್ಟೇ ಕಾರ್ಬನ್ ಬಿಡಬಹುದು ಅನ್ನೋ ಮಿತಿ ಹಾಕಿದ್ರು, ಮಿತಿ ಮೀರಿದ್ರೆ ಕಮ್ಮಿ ಮಾಡಿದವರು ಉಳಿಸಿದ ಪಾಲನ್ನ ಕ್ರೆಡಿಟ್ ಅಂತ ಅವರ ಹತ್ರ ಕೊಂಡ್ಕೋಬೇಕು. ಅಲ್ಲಿ ನಂಬೋ ಅಂಥ ಲೆಕ್ಕ ಇಲ್ದಿದ್ರೆ ಕಾನೂನು ಬರೀ ಕಾಗದ. ನನ್ನನ್ನ ಕೇಳಿದ್ರೆ ಮೊದಲ ದುಡ್ಡು ಇಂಥ ಅಳತೆಗೇ ಹೋಗ್ಬೇಕು, ಕಂಟ್ರೋಲ್ ರೂಮಿನ ಗೋಡೆ ತುಂಬೋ ಸ್ಕ್ರೀನಿಗಲ್ಲ (ಅದ್ರ ಮುಂದೆ ಫೋಟೋ ಚೆನ್ನಾಗಿ ಬರುತ್ತೆ, ಒಪ್ಕೊಂಡೆ).

ಇನ್ನೊಂದು, ಈ ಡೇಟಾ ಎಲ್ಲ ಹೋಗಿ ಕೂರೋ ಡೇಟಾ ಸೆಂಟರ್‌ಗಳೂ ಕರೆಂಟ್ ತಿಂತಾವೆ, 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಶೇ 1.5ರಷ್ಟು. ಅದು ದೂರದಲ್ಲೆಲ್ಲೋ ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟಾದ್ರೆ ಆ ಹೊಗೆ ನಿಮ್ಮ ಸಿಟಿ ಡ್ಯಾಶ್‌ಬೋರ್ಡಲ್ಲಿ ಕಾಣೋದೇ ಇಲ್ಲ.