ನಿಧಾನಗತಿಯ ಯೂ-ಟರ್ನ್: ತಿರುವಿನ ನಡುವೆ ಎಳೆತ ತಪ್ಪದಿರಲಿ

ಬೈಕಿನ ಚಾಲನಾ ಪರೀಕ್ಷೆಯಲ್ಲಿ ನೇರ ಗೆರೆಯ ಮೇಲಿನ ನಿಧಾನ ಚಾಲನೆಯೂ ತುರ್ತು ನಿಲುಗಡೆಯೂ ಸರಾಗವಾಗಿ ಮುಗಿದವು, ಆದರೆ ಯೂ-ಟರ್ನ್‌ನ ಅರ್ಧದಲ್ಲಿ ಗಾಡಿ ಒಳಬದಿಗೆ ಕುಸಿದಂತಾಗಿ, ಗಾಬರಿಯಿಂದ ಕ್ಲಚ್ ಹಿಡಿದು ಕಾಲು ಊರಿಬಿಟ್ಟೆ, ಎರಡು ಸಲವೂ ಹೀಗೆಯೇ ಆಯಿತು, ಮುಂದಿನ ಪರೀಕ್ಷೆಗೆ ಇನ್ನು ಎರಡು ವಾರವಿದೆ ಎಂದು ನೀವು ಬರೆದಿದ್ದೀರಿ. ನಿಮ್ಮ ತೊಂದರೆಯ ಮೂಲ ಆ ವಾಕ್ಯದಲ್ಲಿಯೇ ಇದೆ. ಗಾಡಿ ಕುಸಿದದ್ದರಿಂದ ಕ್ಲಚ್ ಹಿಡಿದೆ ಎಂದು ನಿಮಗೆ ಅನ್ನಿಸಿದೆ. ಬಹುಮಟ್ಟಿಗೆ ನಡೆದಿರುವುದು ಅದಕ್ಕೆ ವಿರುದ್ಧವಾದದ್ದು. ಸ್ವಲ್ಪ ವಾಲಿದ್ದ ಗಾಡಿಯನ್ನು ಕ್ಲಚ್ ಹಿಡಿದದ್ದೇ ಪೂರ್ತಿ ಕೆಡವಿದೆ.

ಈ ಪ್ರಶ್ನೆಯ ಕೆಳಗೆ ಇಬ್ಬರು, ತಿರುವಿಗೆ ಮುಂಚೆ ಸ್ವಲ್ಪ ವೇಗ ಪಡೆದು, ಕ್ಲಚ್ಚನ್ನು ಪೂರ್ತಿ ಹಿಡಿದು, ಗಾಡಿ ತಾನಾಗಿ ಉರುಳುತ್ತಿರುವಾಗಲೇ ತಿರುಗಿಸಿ ಎಂದು ಸಲಹೆ ಕೊಟ್ಟಿದ್ದಾರೆ. ಅವರು ಸಹಾಯ ಮಾಡಬೇಕೆಂದೇ ಹೇಳಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಆದರೂ ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಏಕೆಂದು ಲೆಕ್ಕದ ಮೂಲಕವೇ ತೋರಿಸುತ್ತೇನೆ. ಎರಡೂವರೆ ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಮತ್ತು ಸವಾರ ಸೇರಿ ಸುಮಾರು 11 ಡಿಗ್ರಿ ವಾಲಿದಾಗ ಸಮತೋಲನದಲ್ಲಿರುತ್ತಾರೆ. ಕ್ಲಚ್ ಹಿಡಿದ ಕೂಡಲೇ ಎಂಜಿನ್ನಿನ ಎಳೆತ ನಿಲ್ಲುತ್ತದೆ. ಪೂರ್ತಿ ತಿರುಗಿದ ಮುಂದಿನ ಚಕ್ರವೇ ಒಂದು ತಡೆಯಂತೆ ಕೆಲಸ ಮಾಡುವುದರಿಂದ ವೇಗ ಬೇಗನೆ 5 ಕಿ.ಮೀ.ಗೆ ಇಳಿಯುತ್ತದೆ. ಆ ವೇಗ ಹೊತ್ತು ನಿಲ್ಲಬಲ್ಲ ವಾಲಿಕೆ ನಾಲ್ಕೂವರೆ ಡಿಗ್ರಿ ಮಾತ್ರ. ಗಾಡಿ ಇನ್ನೂ 11 ಡಿಗ್ರಿಯಲ್ಲಿಯೇ ಇರುತ್ತದೆ, ಅದನ್ನು ಎತ್ತಿ ಹಿಡಿಯುವ ಬಲ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ, ಸವಾರನಿಗೆ ಕಾಲು ಊರದೆ ಬೇರೆ ದಾರಿ ಉಳಿಯುವುದಿಲ್ಲ. ಹಾಗೆಂದು ಜೋರಾಗಿ ತಿರುಗುವುದೂ ಪರಿಹಾರವಲ್ಲ. ಅದೇ ತಿರುವಿನಲ್ಲಿ 15 ಕಿ.ಮೀ. ವೇಗಕ್ಕೆ 35 ಡಿಗ್ರಿ ವಾಲಬೇಕಾಗುತ್ತದೆ, ಹೊಸಬರು ಅಷ್ಟು ವಾಲಿಸಲು ಧೈರ್ಯ ಮಾಡುವುದಿಲ್ಲ, ಹಾಗಾಗಿ ತಿರುವು ಹಿಗ್ಗಿ ಚಕ್ರ ಗೆರೆ ದಾಟುತ್ತದೆ.

ಆದ್ದರಿಂದ ನೀವು ಕಲಿಯಬೇಕಾದ ಮುಖ್ಯ ಸಂಗತಿ ಒಂದೇ: ತಿರುವು ಆರಂಭವಾದ ಕ್ಷಣದಿಂದ ಗಾಡಿ ನೇರವಾಗುವ ತನಕ ಹಿಂದಿನ ಚಕ್ರಕ್ಕೆ ಎಂಜಿನ್ನಿನ ಎಳೆತ ಒಂದು ಕ್ಷಣವೂ ತಪ್ಪಬಾರದು. ಎಳೆತ ಹೆಚ್ಚಾದರೆ ಅದನ್ನು ಹಿಂದಿನ ಬ್ರೇಕ್ ತಡೆಯಲಿ, ಕಡಿಮೆಯಾದರೆ ಕ್ಲಚ್ಚಿನ ಬೆರಳುಗಳು ಕೂದಲೆಳೆಯಷ್ಟು ಸಡಿಲವಾಗಲಿ. ಆದರೆ ಎಳೆತವಂತೂ ಸದಾ ಇರಲಿ. ಗಾಡಿ ಒಳಕ್ಕೆ ಬೀಳುತ್ತಿದೆ ಎಂದು ಅನ್ನಿಸಿದಾಗ ಕೈ ಮಾಡಲು ಹೊರಡುವ ಕೆಲಸ ಕ್ಲಚ್ ಹಿಡಿಯುವುದು, ಮಾಡಬೇಕಾದ ಕೆಲಸ ಅದನ್ನು ಸ್ವಲ್ಪ ಬಿಡುವುದು. ಸ್ವಲ್ಪ ಬಿಟ್ಟೊಡನೆ ಚಕ್ರ ಮುಂದಕ್ಕೆ ತಳ್ಳಿಕೊಂಡು ಭಾರದ ಅಡಿಗೆ ಬರುತ್ತದೆ, ಗಾಡಿ ತಾನಾಗಿ ಎದ್ದು ನಿಲ್ಲುತ್ತದೆ. ಇದನ್ನು ಓದಿ ನಂಬುವುದು ಕಷ್ಟ. ಖಾಲಿ ಮೈದಾನದಲ್ಲಿ ಒಂದು ಸಲ ನಿಮ್ಮ ಸೊಂಟಕ್ಕೆ ಅದರ ಅನುಭವವಾಗಬೇಕು, ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಫ್ ಕ್ಲಚ್ ಎಂದು ನಾವೆಲ್ಲ ಕರೆಯುವ ಆ ಹಂತವನ್ನು ಮೊದಲು ನಿಂತಲ್ಲಿಯೇ ಗುರುತಿಸಿಕೊಳ್ಳಿ. ಸಮತಟ್ಟಾದ ನೆಲದಲ್ಲಿ ಎರಡೂ ಕಾಲು ಊರಿ ಮೊದಲನೆಯ ಗೇರಿಗೆ ಹಾಕಿ, ಆಕ್ಸಿಲರೇಟರನ್ನು ಮುಟ್ಟದೆ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಎಂಜಿನ್ನಿನ ಸದ್ದು ಸ್ವಲ್ಪ ದಪ್ಪವಾಗಿ, ಗಾಡಿಯ ಮುಂಭಾಗ ಮುಂದಕ್ಕೆ ಹೋಗಲು ತವಕಿಸಿದಂತಾಗುವ ಒಂದು ಬಿಂದು ಸಿಗುತ್ತದೆ. ಅಲ್ಲಿ ಬೆರಳುಗಳನ್ನು ನಿಲ್ಲಿಸಿ ಎರಡು ಉಸಿರು ಎಣಿಸಿ ಮತ್ತೆ ಹಿಡಿಯಿರಿ. ಇಪ್ಪತ್ತು ಸಲ ಹೀಗೆ ಮಾಡಿದರೆ ಲಿವರ್ ಎಲ್ಲಿಗೆ ಬಂದಾಗ ಗಾಡಿ ಎಳೆಯಲು ತೊಡಗುತ್ತದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ತಿರುವಿನ ಉದ್ದಕ್ಕೂ ನಿಮ್ಮ ಬೆರಳುಗಳು ಆ ಬಿಂದುವಿನ ಆಚೀಚೆ ಕೆಲವೇ ಮಿಲಿಮೀಟರ್ ಅಂತರದಲ್ಲಿ ಆಡುತ್ತಿರಬೇಕು.

ಬಲಗೈ ಮಾತ್ರ ಆಡಬಾರದು. ಎಂಜಿನ್ನಿನ ವೇಗವನ್ನು ಐಡ್ಲಿಂಗ್‌ಗಿಂತ (ಆಕ್ಸಿಲರೇಟರ್ ಮುಟ್ಟದಿದ್ದಾಗ ಎಂಜಿನ್ ತಿರುಗುವ ವೇಗಕ್ಕಿಂತ) ಸ್ವಲ್ಪ ಮೇಲೆ ಒಂದೇ ಸಮನೆ ಇರಿಸಿ ಅಲ್ಲಿಯೇ ಬಿಟ್ಟುಬಿಡಿ. ಫ್ಯೂಯಲ್ ಇಂಜೆಕ್ಷನ್ (ಎಂಜಿನ್ನಿಗೆ ಇಂಧನ ಸಿಂಪಡಿಸುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದರೆ ಸಣ್ಣದೊಂದು ಜರ್ಕ್ ಬರುತ್ತದೆ. ನೇರ ದಾರಿಯಲ್ಲಿ ಲೆಕ್ಕಕ್ಕೆ ಬಾರದ ಆ ಜರ್ಕ್ ಹ್ಯಾಂಡಲ್ ಪೂರ್ತಿ ತಿರುಗಿರುವಾಗ ಸವಾರನನ್ನು ಅಲುಗಾಡಿಸಿಬಿಡುತ್ತದೆ. ವೇಗ ಹೆಚ್ಚಾಯಿತೆನಿಸಿದರೆ ಬಲಗಾಲಿನಿಂದ ಹಿಂದಿನ ಬ್ರೇಕನ್ನು ಮೃದುವಾಗಿ ಒತ್ತಿ ಹಿಡಿಯಿರಿ. ನಿಜ ಹೇಳಬೇಕೆಂದರೆ ತಿರುವಿಗೆ ಮುಂಚೆಯೇ ಅದನ್ನು ಸ್ವಲ್ಪ ಒತ್ತಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಒಂದು ಕಡೆ ಎಂಜಿನ್ ಎಳೆಯುತ್ತಿದ್ದು ಇನ್ನೊಂದು ಕಡೆ ಬ್ರೇಕ್ ತಡೆಯುತ್ತಿದ್ದರೆ ಚೈನು ಬಿಗಿಯಾಗಿಯೇ ಇರುತ್ತದೆ, ಗಾಡಿ ಗಟ್ಟಿಯಾಗಿ ಕುಳಿತಂತೆ ಆಗುತ್ತದೆ.

ಮುಂದಿನ ಬ್ರೇಕಿನ ವಿಷಯದಲ್ಲಿ ನನ್ನ ಮಾತು ಖಂಡಿತವಾದದ್ದು: ತಿರುವಿನಲ್ಲಿ ಬಲಗೈಯ ನಾಲ್ಕೂ ಬೆರಳುಗಳು ಹಿಡಿಕೆಯ ಮೇಲೆಯೇ ಇರಲಿ, ಲಿವರಿನ ಮೇಲೆ ಒಂದೂ ಬೇಡ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ತಾಗಿದರೆ ಗಾಡಿ ಹ್ಯಾಂಡಲ್ ತಿರುಗಿದ ಕಡೆಗೇ ದಬ್ಬೆಂದು ಬೀಳುತ್ತದೆ, ಆ ಬೀಳುವಿಕೆಯನ್ನು ಕಾಲಿನ ಬಲದಿಂದ ತಡೆಯಲು ಆಗುವುದಿಲ್ಲ. ನಾನು ಕಲಿಯುತ್ತಿದ್ದಾಗ ಬಿದ್ದದ್ದು ಮೂರು ಸಲ, ಮೂರೂ ಸಲ ಕಾರಣ ಅದೇ ಬೆರಳುಗಳು. ಅನಂತರ ಒಂದು ವಾರ ಅಭ್ಯಾಸದ ಪ್ರತಿ ಸುತ್ತಿಗೂ ಮುನ್ನ ಬಲಗೈಯ ಬೆರಳುಗಳನ್ನು ನೋಡಿ, ಅವು ಹಿಡಿಕೆಯನ್ನು ಸುತ್ತಿಕೊಂಡಿವೆ ಎಂದು ಖಚಿತಪಡಿಸಿಕೊಂಡೇ ಹೊರಡುತ್ತಿದ್ದೆ. ಆಮೇಲೆ ಆ ತಪ್ಪು ಮರುಕಳಿಸಲಿಲ್ಲ.

ಗೇರಿಲ್ಲದ ಸ್ಕೂಟರಿನಲ್ಲಿ ಪರೀಕ್ಷೆಗೆ ಹೋಗುವವರಿಗೂ ಇದೇ ನಿಯಮ. ಅಲ್ಲಿ ಕ್ಲಚ್ ಎಂಜಿನ್ನಿನ ವೇಗ ಏರಿದಾಗ ತಾನಾಗಿ ಚಕ್ರಕ್ಕೆ ಎಳೆತ ಕೊಡುತ್ತದೆ, ಇಳಿದಾಗ ತಾನಾಗಿ ಅದನ್ನು ತಪ್ಪಿಸುತ್ತದೆ. ಆದ್ದರಿಂದ ಆಕ್ಸಿಲರೇಟರನ್ನು ಮುಚ್ಚಿದರೆ ಎಳೆತ ತಪ್ಪಿಹೋಗುತ್ತದೆ. ಅದನ್ನು ಸ್ವಲ್ಪ ತೆರೆದಿಟ್ಟು, ವೇಗವನ್ನು ಹಿಂದಿನ ಬ್ರೇಕಿನಿಂದಲೇ ಹಿಡಿತದಲ್ಲಿಡಬೇಕು.

ಇನ್ನು ನೋಟ. ಗಾಡಿ ಕಣ್ಣು ಹೋದ ಕಡೆಗೆ ಹೋಗುತ್ತದೆ ಎಂಬುದನ್ನು ನೀವು ಕೇಳಿರುತ್ತೀರಿ, ಆದರೆ ಎಷ್ಟು ತಿರುಗಿ ನೋಡಬೇಕು ಎಂಬುದನ್ನು ಹೆಚ್ಚಿನವರು ಹೇಳುವುದಿಲ್ಲ. ಗಲ್ಲ ಒಳಬದಿಯ ಭುಜದ ನೇರಕ್ಕೆ ಬರುವಷ್ಟು ತಲೆ ತಿರುಗಬೇಕು, ಕಣ್ಣು ತಿರುವಿನ ಕೊನೆಯಲ್ಲಿ ನೀವು ತಲುಪಬೇಕಾದ ಜಾಗದ ಮೇಲೆ, ಎಂದರೆ ಬಹುತೇಕ ನಿಮ್ಮ ಬೆನ್ನ ಹಿಂದೆ ಇರಬೇಕು. ಮುಂದಿನ ಚಕ್ರವನ್ನೋ ಎದುರಿನ ಗೆರೆಯನ್ನೋ ನೋಡಿದರೆ ಕೈ ತಾನಾಗಿ ಹ್ಯಾಂಡಲನ್ನು ನೇರಕ್ಕೆ ತಂದುಬಿಡುತ್ತದೆ. ನನಗೆ ಕಲಿಸಿದವರು ಇದಕ್ಕೆ ಒಂದು ಸುಲಭದ ಉಪಾಯ ಮಾಡಿದ್ದರು. ತಿರುವು ಮುಗಿಯುವ ಜಾಗದಿಂದ ಹತ್ತು ಹೆಜ್ಜೆ ಹಿಂದೆ ನಿಂತು, ನಾನು ತಿರುಗಲು ತೊಡಗಿದಾಗ ಕೈಯೆತ್ತಿ ಬೆರಳುಗಳನ್ನು ತೋರಿಸುತ್ತಿದ್ದರು, ಎಷ್ಟು ಬೆರಳೆಂದು ನಾನು ಕೂಗಿ ಹೇಳಬೇಕಾಗಿತ್ತು. ನಡುವೆ ಅವರು ಬೆರಳುಗಳ ಸಂಖ್ಯೆಯನ್ನು ಬದಲಾಯಿಸುತ್ತಿದ್ದರು. ಉತ್ತರ ತಪ್ಪಿದ ಸುತ್ತುಗಳಲ್ಲೆಲ್ಲ ತಿರುವೂ ಅಗಲವಾಗಿ ಹೋಗುತ್ತಿತ್ತು. ಮನೆಯವರನ್ನೋ ಸ್ನೇಹಿತರನ್ನೋ ಹಾಗೆ ನಿಲ್ಲಿಸಿಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಉತ್ತಮ ಅಭ್ಯಾಸ ಇನ್ನೊಂದಿಲ್ಲ.

ಜಾಗ ಸಾಲದು ಎಂಬ ಭಯ ನಿಮ್ಮ ಬರಹದಲ್ಲಿ ಎರಡು ಸಲ ಬಂದಿದೆ. ಹಲವು ಪರೀಕ್ಷೆಗಳಲ್ಲಿ ಈ ತಿರುವಿಗೆ 6 ಮೀಟರಿನಿಂದ 7.5 ಮೀಟರಿನಷ್ಟು ಅಗಲ ಕೊಟ್ಟಿರುತ್ತಾರೆ. ಎರಡು ಚಕ್ರಗಳ ನಡುವೆ 1.35 ಮೀಟರ್ ಅಂತರವಿರುವ ಸಾಧಾರಣ ಗಾಡಿಯ ಹ್ಯಾಂಡಲ್ 35 ಡಿಗ್ರಿ ತಿರುಗುತ್ತದೆ ಎಂದಿಟ್ಟುಕೊಂಡರೆ, ಗಾಡಿಯನ್ನು ಸ್ವಲ್ಪವೂ ವಾಲಿಸದೆ ಕೈಯಲ್ಲಿ ತಳ್ಳಿಕೊಂಡು ಸುತ್ತಿದರೂ ಮುಂದಿನ ಚಕ್ರ ಬಿಡಿಸುವ ವೃತ್ತದ ವ್ಯಾಸ ಸುಮಾರು 4.7 ಮೀಟರ್ ಮಾತ್ರ. ವಾಲಿಸಿದರೆ ಅದು ಇನ್ನೂ ಚಿಕ್ಕದಾಗುತ್ತದೆ. ಹ್ಯಾಂಡಲ್ ಕಡಿಮೆ ತಿರುಗುವ ಸ್ಪೋರ್ಟ್ಸ್ ಗಾಡಿಗಳಿಗೆ ಈ ಲೆಕ್ಕ ಬಿಗಿಯಾಗುತ್ತದೆ ಎಂಬುದು ನಿಜ, ಆದರೆ ನಿಮ್ಮದು ಚಿಕ್ಕ 150 ಸಿಸಿ ಗಾಡಿ. ಎಂಜಿನ್ ಆಫ್ ಮಾಡಿ, ಹ್ಯಾಂಡಲನ್ನು ಕೊನೆಯ ತನಕ ತಿರುಗಿಸಿ, ಗಾಡಿಯನ್ನು ತಳ್ಳಿಕೊಂಡು ಒಂದು ಸುತ್ತು ಬಂದು, ಮುಂದಿನ ಟೈರು ಹೋದ ದಾರಿಯನ್ನು ಸೀಮೆಸುಣ್ಣದಿಂದ ಗುರುತು ಮಾಡಿ ಅಳೆದು ನೋಡಿ. ನಿಮ್ಮ ಕಣ್ಣಿಗೆ ಇಕ್ಕಟ್ಟಾಗಿ ಕಂಡ ಜಾಗದಲ್ಲಿ ಗಾಡಿಗೆ ಒಂದು ಮೀಟರಿಗಿಂತ ಹೆಚ್ಚು ಬಿಡುವಿದೆ ಎಂಬುದು ಆಗ ತಿಳಿಯುತ್ತದೆ. ಹ್ಯಾಂಡಲನ್ನು ಅರ್ಧಕ್ಕೇ ನಿಲ್ಲಿಸುತ್ತಿರುವುದು ನಮ್ಮ ಕೈಯೇ.

ದೇಹದ ಭಂಗಿಯ ವಿಷಯದಲ್ಲಿ, ವೇಗದ ತಿರುವಿನಲ್ಲಿ ಮಾಡುವುದಕ್ಕೆ ವಿರುದ್ಧವಾದದ್ದನ್ನು ಇಲ್ಲಿ ಮಾಡಬೇಕು. ಗಾಡಿ ಒಳಕ್ಕೆ ವಾಲಲಿ, ನೀವು ನೆಟ್ಟಗೆ ಕುಳಿತಿರಿ. ಬಲಕ್ಕೆ ತಿರುಗುವಾಗ ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಸರಿದು, ಎಡಗಾಲಿನ ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ. ಮೊಣಕೈಗಳು ಬಿಗಿಯಾಗದಿರಲಿ, ಏಕೆಂದರೆ ಬಿಗಿದ ಮೊಣಕೈ ಹ್ಯಾಂಡಲನ್ನು ಪೂರ್ತಿ ತಿರುಗಲು ಬಿಡುವುದಿಲ್ಲ. ವಾಹನಗಳು ರಸ್ತೆಯ ಎಡಬದಿಯಲ್ಲಿ ಹೋಗುವ ಕಡೆಗಳಲ್ಲಿ ಯೂ-ಟರ್ನ್ ಬಲಕ್ಕೇ ಆಗುತ್ತದೆ, ಹೆಚ್ಚಿನವರಿಗೆ ಕಷ್ಟವಾಗುವ ದಿಕ್ಕೂ ಅದೇ. ಹ್ಯಾಂಡಲ್ ಬಲಕ್ಕೆ ಪೂರ್ತಿ ಹೋದಾಗ ಕ್ಲಚ್ ಹಿಡಿದ ಎಡಗೈ ದೂರಕ್ಕೆ ಚಾಚಿ ಬೆರಳಿನ ನಾಜೂಕು ಕಳೆದುಕೊಳ್ಳುತ್ತದೆ, ಬಲಗೈ ಹೊಟ್ಟೆಯ ಹತ್ತಿರ ಮಡಚಿಕೊಂಡು ಆಕ್ಸಿಲರೇಟರ್ ಅರಿವಿಲ್ಲದೆ ತಿರುಗಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಟ್ಯಾಂಕಿನ ಕಡೆಗೆ ನಾಲ್ಕು ಬೆರಳು ಮುಂದೆ ಸರಿದು ಕುಳಿತು, ಸೊಂಟದಿಂದ ಮೇಲಿನ ಭಾಗವನ್ನೂ ತಲೆಯ ಜೊತೆಗೆ ಬಲಕ್ಕೆ ತಿರುಗಿಸಿದರೆ ಎಡಭುಜ ಮುಂದೆ ಬಂದು ಎಡಗೈಗೆ ಬೇಕಾದ ಉದ್ದ ಸಿಗುತ್ತದೆ.

ಅಭ್ಯಾಸಕ್ಕೆ ಹೊರಡುವ ಮುನ್ನ ಗಾಡಿಯನ್ನು ಒಮ್ಮೆ ನೋಡಿಕೊಳ್ಳಿ. ಚೈನು ತೀರ ಸಡಿಲವಾಗಿದ್ದರೆ, ಆಕ್ಸಿಲರೇಟರ್ ಕೇಬಲಿನಲ್ಲಿ ಹೆಚ್ಚು ಪ್ಲೇ (ಸಡಿಲ) ಇದ್ದರೆ, ಐಡ್ಲಿಂಗ್ ಏರಿಳಿಯುತ್ತಿದ್ದರೆ ನೀವೆಷ್ಟು ಶ್ರಮಪಟ್ಟರೂ ತಿರುವು ನಯವಾಗುವುದಿಲ್ಲ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಹ್ಯಾಂಡಲ್ ಭಾರವಾಗುತ್ತದೆ. ಜಲ್ಲಿಪುಡಿ, ಮರಳು, ಇಳಿಜಾರು ಇಲ್ಲದ ನೆಲವನ್ನು ಆರಿಸಿ. ಹೆಲ್ಮೆಟ್, ಕೈಗವಸು, ಹಿಮ್ಮಡಿಯ ಗಂಟು ಮುಚ್ಚುವ ಶೂ ಇಲ್ಲದೆ ತೊಡಗಬೇಡಿ. ನಿಧಾನದ ಬೀಳುವಿಕೆಯಲ್ಲಿಯೂ ಗಾಡಿಯ ಅಡಿಗೆ ಸಿಕ್ಕಿಕೊಳ್ಳುವುದು ಪಾದವೇ. ಬೀಳುವುದು ಖಚಿತವಾದರೆ ಗಾಡಿಯನ್ನು ಬಿಟ್ಟು ದೂರ ಸರಿಯಿರಿ.

ಮೊದಲ ಮೂರು ದಿನ ಯೂ-ಟರ್ನ್ ಮಾಡಲೇಬೇಡಿ. ಇಪ್ಪತ್ತು ಮೀಟರ್ ನೇರ ದಾರಿಯನ್ನು ಎಷ್ಟು ನಿಧಾನವಾಗಿ ದಾಟಬಹುದು ಎಂದು ಗಡಿಯಾರ ಹಿಡಿದು ನೋಡಿ, ದಿನದಿನಕ್ಕೂ ಕೆಲವು ಸೆಕೆಂಡು ಹೆಚ್ಚಿಸುತ್ತಾ ಹೋಗಿ. ಅನಂತರ 9 ಮೀಟರ್ ವ್ಯಾಸದ ವೃತ್ತ ಬರೆದು ಅದರೊಳಗೆ ಎರಡೂ ದಿಕ್ಕಿಗೆ ನಿಲ್ಲದೆ ಸುತ್ತಿ. ಕ್ಲಚ್, ಬ್ರೇಕ್, ನೋಟ ಮೂರೂ ಕೂಡಿಬಂದ ಮೇಲೆ ವೃತ್ತವನ್ನು ಅರ್ಧ ಮೀಟರಿನಂತೆ ಕುಗ್ಗಿಸುತ್ತಾ ಬನ್ನಿ. ಪರೀಕ್ಷೆಯ ಅಗಲಕ್ಕಿಂತ ಅರ್ಧ ಮೀಟರ್ ಚಿಕ್ಕದಾದ ವೃತ್ತದಲ್ಲಿ ಸಲೀಸಾಗಿ ಸುತ್ತಲು ಬಂದಾಗ ಅದನ್ನು ಅರ್ಧಕ್ಕೆ ಕತ್ತರಿಸಿದರೆ ಅದೇ ಯೂ-ಟರ್ನ್. ಒಮ್ಮೆಗೆ ಇಪ್ಪತ್ತು ನಿಮಿಷ ಸಾಕು. ಹೆಚ್ಚಿನ ಗಾಡಿಗಳ ಕ್ಲಚ್ ಆಯಿಲಿನಲ್ಲಿಯೇ ಮುಳುಗಿ ಕೆಲಸ ಮಾಡುವುದರಿಂದ ಹಾಫ್ ಕ್ಲಚ್ಚನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ, ಆದರೆ ಗಾಳಿಯಿಂದ ತಣಿಯುವ ಎಂಜಿನ್ ನಿಧಾನದ ಸುತ್ತಿನಲ್ಲಿ ಬೇಗ ಬಿಸಿಯಾಗುತ್ತದೆ. ನಿಮ್ಮ ಎಡಗೈಯೂ ಸೋಲುತ್ತದೆ, ಸೋತ ಕೈ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ.

ಪರೀಕ್ಷೆಯ ದಿನ ತಿರುಗುವ ದಿಕ್ಕಿಗೆ ವಿರುದ್ಧವಾದ ಬದಿಯ ಅಂಚಿಗೆ ಒತ್ತಿಕೊಂಡು ಹೊರಡಿ, ಕೊಟ್ಟಿರುವ ಅಗಲದಲ್ಲಿ ಒಂದು ಅಡಿಯನ್ನೂ ಬಿಟ್ಟುಕೊಡಬೇಡಿ. ನಿಂತಲ್ಲಿಂದಲೇ ಹ್ಯಾಂಡಲ್ ತಿರುಗಿಸಿ ಹೊರಡುವ ಬದಲು ಮೂರು ನಾಲ್ಕು ಮೀಟರ್ ನೇರವಾಗಿ ಸಾಗಿ, ವೇಗ ಒಂದು ಹದಕ್ಕೆ ಬಂದ ಮೇಲೆ ತಿರುಗಿಸಿ. ಸಿಗ್ನಲ್ ಹಾಕಿ ಭುಜದ ಮೇಲಿಂದ ಹಿಂದೆ ನೋಡುವುದನ್ನು ಮರೆಯದಿರಿ, ಅದಿಲ್ಲದಿದ್ದರೆ ತಿರುವು ಎಷ್ಟೇ ಚೆನ್ನಾಗಿದ್ದರೂ ಪರೀಕ್ಷಕರು ಅದನ್ನು ತಪ್ಪೆಂದೇ ಎಣಿಸಬಹುದು. ಆ ನೋಟವನ್ನು ಮುಂದಕ್ಕೆ ತರದೆ ಹಾಗೆಯೇ ತಿರುವಿನ ಕೊನೆಗೆ ಒಯ್ದರೆ ಎರಡು ಕೆಲಸವೂ ಒಟ್ಟಿಗೆ ಆದಂತಾಯಿತು.

ಮುಂದಿನ ಸಲ ಕಾಲು ಊರಿದಾಗ ಅದು ತಿರುವಿನ ಯಾವ ಭಾಗದಲ್ಲಿ ಆಯಿತು ಎಂಬುದನ್ನು ಗಮನಿಸಿ ಇಲ್ಲಿ ಬರೆಯಿರಿ. ಆರಂಭದಲ್ಲಿಯೇ ಆದರೆ ವೇಗ ಹದವಾಗುವ ಮುನ್ನ ತಿರುಗಿಸಿದ್ದೀರಿ, ನಡುವೆ ಆದರೆ ಕ್ಲಚ್ಚಿನಲ್ಲಿ ಎಳೆತ ತಪ್ಪಿದೆ, ಕೊನೆಯಲ್ಲಿ ಆದರೆ ಕಣ್ಣು ಗೆರೆಯ ಮೇಲೆ ಬಿದ್ದಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಯಾವುದೆಂದು ಗೊತ್ತಾದರೆ ಉಳಿದ ದಿನಗಳ ಅಭ್ಯಾಸವನ್ನು ಅದಕ್ಕೆ ತಕ್ಕಂತೆ ಹೊಂದಿಸಿ ಹೇಳುತ್ತೇನೆ.